ಸತ್ಯಾಂಶ: ಗರ್ಭಿಣಿ ಹಸಿ ಹಾಲು ಕುಡಿಯಬಹುದೇ?

‘ಗರ್ಭಿಣಿ ಹಸಿ ಹಾಲು ಕುಡಿಯಲಿ, ಮಾಸು (ಗರ್ಭದಲ್ಲಿ ಮಗುವನ್ನು ತಾಯಿಯೊಂದಿಗೆ ಬೆಸೆಯುವ ಪ್ಲಾಸೆಂಟಾ) ಯಾವ ರೋಗಾಣುವನ್ನೂ ಮಗುವಿನ ತನಕ ಬಿಡುವುದಿಲ್ಲ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮಾಸು ಬಹುತೇಕ ರೋಗಾಣುಗಳನ್ನು ತಡೆಯುತ್ತದೆ, ನಿಜ. ಆದರೆ ಹಸಿ ಹಾಲಿನಲ್ಲಿ ಇರಬಹುದಾದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಜೀವಕೋಶದೊಳಗೇ ಹೊಕ್ಕು, ಪಕ್ಕದ ಕೋಶಕ್ಕೆ ನುಸುಳುತ್ತಾ ಮಾಸನ್ನು ದಾಟಬಲ್ಲದು. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ತಾಯಿಗೆ ಸಣ್ಣ ಜ್ವರ, ಮೈಕೈ ನೋವು ಅಷ್ಟೇ ಇರಬಹುದು. ಒಳಗೆ ಮಗುವಿನ ಜೀವಕ್ಕೇ ಕುತ್ತು. 1985ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಮೆದು ಚೀಸ್‌ನಿಂದ ಈ ಸೋಂಕು ಹರಡಿ 142 ಪ್ರಕರಣ ಕಂಡುಬಂದವು. 20 ಶಿಶುಗಳು ಗರ್ಭದಲ್ಲೇ ತೀರಿಕೊಂಡವು.

ಹಾಲನ್ನು ಉಕ್ಕಿ ಬರುವಂತೆ ಕಾಯಿಸಿದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ. ಬಸುರಿಗೆ ಜ್ವರ ಬಂದರೆ ಕಷಾಯ ಕುಡಿಸಿ ಕಾಯಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಲಿಸ್ಟೀರಿಯಾ ಸೋಂಕಿಗೆ ಆ್ಯಂಟಿಬಯೋಟಿಕ್ ಇದೆ. ಮಗು ಕಳೆದುಕೊಂಡ ತಾಯಿಯನ್ನು ಮಾತ್ರ ‘ಏನು ತಿಂದೆ?’ ಎಂದು ದಯವಿಟ್ಟು ಕೇಳಬೇಡಿ.