ಮಕ್ಕಳ ಗೀಚುಗಳನ್ನು ಎಸೆಯಬೇಡಿ, ಅಚ್ಚುಕಟ್ಟಾದದ್ದನ್ನು ಬೇಕಾದರೆ ಎಸೆಯಿರಿ

ಪುಟ್ಟ ಮಕ್ಕಳ ಚಿತ್ರಗಳನ್ನು ಎತ್ತಿಡುವಾಗ ನಮ್ಮಲ್ಲಿ ಹೆಚ್ಚಿನವರು ಚಂದ ಕಾಣುವುದನ್ನು ಉಳಿಸಿ, ಗೀಚಿದ್ದನ್ನು ಕಸಕ್ಕೆ ಹಾಕುತ್ತೇವೆ. ಈ ಆಯ್ಕೆ ತಲೆಕೆಳಗಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಶಾಲೆಯಿಂದ ಬರುವ ಅಚ್ಚುಕಟ್ಟಾದ ಕರಕುಶಲ ಕೆಲಸದಲ್ಲಿ ಕತ್ತರಿಸಿದ್ದು, ಅಂಟಿಸಿದ್ದು, ಗೆರೆ ತಿದ್ದಿದ್ದು ಬಹುಪಾಲು ದೊಡ್ಡವರೇ. ಇಡೀ ತರಗತಿಯ ಮಕ್ಕಳು ಅದೇ ಚಿಟ್ಟೆಯನ್ನು ಅದೇ ಬಣ್ಣದಲ್ಲಿ ಮನೆಗೆ ತಂದಿರುತ್ತಾರೆ. ಯಾವುದೋ ಹಳೆಯ ಬಿಲ್ಲಿನ ಹಿಂಬದಿಯಲ್ಲಿ, ಯಾರೂ ಹೇಳಿಕೊಡದೆ ಮಗು ತಾನಾಗಿ ಎಳೆದ ಸುತ್ತುಗೆರೆಗಳಲ್ಲಾದರೋ ಆ ವಯಸ್ಸಿನ ಕೈ, ಕಣ್ಣು, ಮನಸ್ಸು ಮೂರೂ ಇರುತ್ತವೆ.

ಗೀಚುವುದೆಂದರೆ ಗೊತ್ತುಗುರಿಯಿಲ್ಲದ ಕೈಯಾಟವಲ್ಲ. ಮಕ್ಕಳ ಚಿತ್ರಗಳನ್ನು ಅಪಾರ ಸಂಖ್ಯೆಯಲ್ಲಿ ಸಂಗ್ರಹಿಸಿ ಅಧ್ಯಯನ ಮಾಡಿದ ರೋಡಾ ಕೆಲಾಗ್ ಅವರು ಗೀಚುಗಳಲ್ಲೇ 20 ಮೂಲ ಬಗೆಗಳನ್ನು ಗುರುತಿಸಿದ್ದರು. ಮೊದಲು ಅಡ್ಡಾದಿಡ್ಡಿ ಗೆರೆ, ಆಮೇಲೆ ಸುತ್ತು, ಮೂರು ವರ್ಷದ ಆಸುಪಾಸಿನಲ್ಲಿ ಆರಂಭವೂ ಕೊನೆಯೂ ಕೂಡುವ ವೃತ್ತ. ಅದಾದ ಮೇಲೆ ಒಂದು ದಿನ ಆ ವೃತ್ತಕ್ಕೆ ಕಣ್ಣು ಮೂಡಿ, ತಲೆಯಿಂದಲೇ ನೇರವಾಗಿ ಕಾಲುಗಳು ಇಳಿಯುತ್ತವೆ. ಹೊಟ್ಟೆಯಿಲ್ಲದ ಈ ಗೊದಮೊಟ್ಟೆ ಮನುಷ್ಯ ಸ್ವಲ್ಪ ಕಾಲ ಇದ್ದು, ದೇಹ ಬರತೊಡಗಿದ ಮೇಲೆ ಮೆಲ್ಲಗೆ ಮರೆಯಾಗುತ್ತಾನೆ. ಆದ್ದರಿಂದ ನಾನು ಎತ್ತಿಡುವುದು ಒಳ್ಳೆಯ ಚಿತ್ರಗಳನ್ನಲ್ಲ, ಬದಲಾವಣೆಯ ಚಿತ್ರಗಳನ್ನು: ಮೊದಲ ವೃತ್ತ, ಮೊದಲ ಮುಖ, ಕುತ್ತಿಗೆ ಕಾಣಿಸಿಕೊಂಡದ್ದು, ಹಾಳೆಯ ಕೆಳಗೆ ನೆಲದ ಗೆರೆ ಬಂದದ್ದು, ತಿರುಗುಮುರುಗಾದ ಅಕ್ಷರಗಳಲ್ಲಿ ಬರೆದ ಹೆಸರು. ಹೀಗೆ ಆರಿಸಿದರೆ ವರ್ಷಕ್ಕೆ ಒಂದು ತೆಳು ಫೋಲ್ಡರ್ ಸಾಕಾಗುತ್ತದೆ.

ಚಿತ್ರಕ್ಕಿಂತ ಬೇಗ ಕಳೆದುಹೋಗುವುದು ಮಗು ಅದರ ಬಗ್ಗೆ ಆಡಿದ ಮಾತು. "ಇದೇನು?" ಎಂದು ಕೇಳಿದರೆ ಮಗು ಪರೀಕ್ಷೆಗೆ ಉತ್ತರ ಹೇಳುವಂತೆ ಏನೋ ಒಂದು ಹೆಸರು ಹೇಳಿ ಮುಗಿಸುತ್ತದೆ, "ಇದರ ಕಥೆ ಹೇಳಪ್ಪಾ" ಎಂದರೆ ಆ ನೀಲಿ ಗುಂಡಗಿನದು ಮಳೆಯಲ್ಲಿ ಮನೆ ಮರೆತ ಆನೆ ಎಂಬುದು ಹೊರಬರುತ್ತದೆ. ಅದನ್ನು ತಿದ್ದದೆ, ವ್ಯಾಕರಣ ಸರಿಪಡಿಸದೆ, ಮಗುವಿನ ನುಡಿಯಲ್ಲೇ ದಿನಾಂಕ ಮತ್ತು ವಯಸ್ಸಿನೊಂದಿಗೆ ಹಾಳೆಯ ಹಿಂಬದಿಯ ಅಂಚಿನಲ್ಲಿ ಬರೆದಿಡಬೇಕು. ಬರೆಯಲು ಮೆತ್ತನೆಯ ಪೆನ್ಸಿಲ್ ಒಳ್ಳೆಯದು, ಏಕೆಂದರೆ ಬಾಲ್ ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ, ಸ್ಕೆಚ್ ಪೆನ್ನಿನ ಶಾಯಿ ಇಂಗುತ್ತದೆ. ಚಿತ್ರದ ಪಕ್ಕದ ಒಂದೇ ಪದವೂ ಎಷ್ಟು ಹೇಳಬಲ್ಲದು ಎಂಬುದಕ್ಕೆ ಒಂದು ಉದಾಹರಣೆ ಇದೆ. ರಷ್ಯಾದ ನವ್‌ಗೊರೊದ್ ನಗರದ ಉತ್ಖನನದಲ್ಲಿ 13ನೇ ಶತಮಾನದ ಒಬ್ಬ ಪುಟ್ಟ ಹುಡುಗ ಬರ್ಚ್ ಮರದ ತೊಗಟೆಯ ಮೇಲೆ ಗೀರಿದ ಅಕ್ಷರಾಭ್ಯಾಸವೂ ಚಿತ್ರಗಳೂ ಸಿಕ್ಕಿವೆ. ಗಾಳಿಯಾಡದ ಹಸಿ ಮಣ್ಣಿನಲ್ಲಿ ಹೂತಿದ್ದರಿಂದ ತೊಗಟೆ ಕೊಳೆಯಲಿಲ್ಲ. ಶತ್ರುವನ್ನು ಈಟಿಯಿಂದ ಇರಿಯುವ ಕುದುರೆ ಸವಾರನ ಪಕ್ಕದಲ್ಲಿ ಆತ ತನ್ನ ಹೆಸರು ಬರೆದಿದ್ದಾನೆ: ಒನ್ಫಿಮ್. ಆ ಸವಾರ ತಾನೇ ಎಂದು ಆ ಹುಡುಗ ಭಾವಿಸಿದ್ದನೆಂದು ಇಂದು ಊಹಿಸಲು ಸಾಧ್ಯವಾಗಿರುವುದು ಆ ಒಂದು ಪದದಿಂದ.

ಇನ್ನು ಕಾಗದದ ವಿಷಯ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಬೆಳಕಿಗೂ ಗಾಳಿಗೂ ಅದು ಹಳದಿಯಾಗಿ, ಆಮ್ಲ ಹೆಚ್ಚಿ ಪುಡಿಯಾಗುತ್ತದೆ. ಸಾಧ್ಯವಾದಲ್ಲಿ ಚಿತ್ರಗಳ ನಡುವೆ ಆಮ್ಲರಹಿತ ಕಾಗದ ಇಡುವುದು ಒಳ್ಳೆಯದು. ಲ್ಯಾಮಿನೇಷನ್ ಮಾಡಿಸಿದರೆ ಚಿತ್ರ ಶಾಶ್ವತವಾಯಿತೆಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಕಾಯಿಸಿ ಅಂಟಿಸಿದ ಆ ಪ್ಲಾಸ್ಟಿಕ್ಕನ್ನು ಮುಂದೆಂದೂ ಹಾನಿಯಿಲ್ಲದೆ ಬಿಡಿಸಲಾಗದು, ಮೇಣದ ಕ್ರೆಯಾನ್ ಆ ಬಿಸಿಗೆ ಕರಗಿ ಹರಡುತ್ತದೆ. ಅಂಟುಟೇಪಿನ ಅಂಟು ಕಾಲಕ್ರಮೇಣ ಕಂದಾಗಿ ಕಾಗದಕ್ಕೆ ಇಳಿಯುತ್ತದೆ, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತದೆ, ರಬ್ಬರ್ ಬ್ಯಾಂಡ್ ಕರಗಿ ಮೆತ್ತಿಕೊಳ್ಳುತ್ತದೆ. ಪಿವಿಸಿ ಕವರಿಗಿಂತ ಪಾಲಿಪ್ರೊಪಿಲೀನ್ ಕವರು ಸುರಕ್ಷಿತ. ಸ್ಕೆಚ್ ಪೆನ್ನಿನ ಬಣ್ಣ ಬಿಸಿಲಿಗೆ ಬೇಗ ಮಾಸುವುದರಿಂದ ಗೋಡೆಯ ಮೇಲೆ ಪ್ರತಿಯನ್ನು ತೂಗುಹಾಕಿ, ಮೂಲವನ್ನು ಪೆಟ್ಟಿಗೆಯಲ್ಲಿ ಸಪಾಟಾಗಿ ಮಲಗಿಸಿ, ಕಾಯುವ ಅಟ್ಟದಲ್ಲೂ ತೇವದ ಗೋಡೆಯ ಬದಿಯಲ್ಲೂ ಇಡದೆ ನಾವು ಬದುಕುವ ಕೋಣೆಯಲ್ಲೇ ಇಡುವುದು ಉತ್ತಮ.

ಗರ್ಭದ ಸ್ಕ್ಯಾನಿಂಗ್ ಚಿತ್ರವನ್ನು ಜೋಪಾನವಾಗಿ ಇಟ್ಟುಕೊಂಡಿರುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅದು ಸಾಮಾನ್ಯವಾಗಿ ಶಾಖಕ್ಕೆ ಸ್ಪಂದಿಸುವ ಥರ್ಮಲ್ ಕಾಗದದ ಮೇಲಿನ ಮುದ್ರಣ, ಕೆಲವು ವರ್ಷಗಳಲ್ಲಿ ಮಂಕಾಗುತ್ತದೆ. ಲ್ಯಾಮಿನೇಷನ್ ಯಂತ್ರಕ್ಕೆ ಕೊಟ್ಟರೆ ಕಪ್ಪಾಗಿ ಹೋಗಬಹುದು. ಇಂದೇ ಅದರ ಪ್ರತಿ ಮಾಡಿಟ್ಟುಕೊಳ್ಳಿ. ಮೊದಲ ಉಡುಪನ್ನು ಒಗೆದು, ಗಂಜಿ ಹಾಕದೆ, ಚೆನ್ನಾಗಿ ಒಣಗಿಸಿ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು, ಗಂಜಿಯನ್ನು ತಿನ್ನಲು ಹುಳು ಬರುತ್ತದೆ.

ಫೋಟೋ ತೆಗೆದುಕೊಂಡು ಮೂಲವನ್ನು ಎಸೆಯುವವರನ್ನು ನಾನು ದೂರುವುದಿಲ್ಲ, ಎಲ್ಲವನ್ನೂ ಇಟ್ಟುಕೊಳ್ಳುವಷ್ಟು ಜಾಗ ಯಾರಿಗಿದೆ? ಹೊಳಪಿನ ಚೂರು ಉದುರುವ ದೊಡ್ಡ ರಟ್ಟಿನ ರಚನೆಗಳಿಗೆ ಫೋಟೋವೇ ಸರಿಯಾದ ದಾರಿ, ಆ ರಚನೆಯನ್ನು ಮಗುವಿನ ಕೈಯಲ್ಲಿಟ್ಟು ಫೋಟೋ ತೆಗೆದರೆ ಅಳತೆಯೂ ತಿಳಿಯುತ್ತದೆ. ಆದರೆ ಒತ್ತಿ ಒತ್ತಿ ಹಾಳೆ ಹರಿದ ಜಾಗ, ಬೆರಳಿನ ಬಣ್ಣದ ಗುರುತು ಫೋಟೋದಲ್ಲಿ ಪೂರ್ತಿಯಾಗಿ ಬರುವುದಿಲ್ಲ. ಸ್ಕ್ಯಾನ್ ಮಾಡುವುದಾದರೆ 300 ಡಿಪಿಐಗಿಂತ (ಇಂಚಿಗೆ ಇಷ್ಟು ಚುಕ್ಕಿ ಎಂಬ ಅಳತೆ) ಕಡಿಮೆ ಬೇಡ, ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಗಾತ್ರ ಕುಗ್ಗಿರುವುದರಿಂದ ಅದನ್ನೇ ಮೂಲಪ್ರತಿಯೆಂದು ನೆಚ್ಚಬಾರದು, ಮತ್ತು ಫೋನ್ ಒಂದರಲ್ಲೇ ಇರುವುದನ್ನು ಉಳಿದಿದೆ ಎನ್ನಲಾಗದು.

ಮಗುವಿಗೆ ನಾಲ್ಕೈದು ವರ್ಷವಾದ ಮೇಲೆ ಆರಿಸುವ ಕೆಲಸಕ್ಕೆ ಅದನ್ನೂ ಕೂರಿಸಿಕೊಳ್ಳಬೇಕು. ಅದು ಮಲಗಿದ ಮೇಲೆ ಗುಟ್ಟಾಗಿ ಕಸಕ್ಕೆ ಹಾಕುವ ರೂಢಿಯನ್ನು ನಾನು ಒಪ್ಪಲಾರೆ, ಏಕೆಂದರೆ ಬೆಳಿಗ್ಗೆ ಬುಟ್ಟಿಯಲ್ಲಿ ತನ್ನ ಚಿತ್ರವನ್ನು ಕಂಡ ಮಗುವಿಗೆ ಕೊಡಲು ನಮ್ಮಲ್ಲಿ ಯಾವ ಒಳ್ಳೆಯ ಉತ್ತರವೂ ಇರುವುದಿಲ್ಲ. ಜೊತೆಗೆ ಕೂತರೆ ನಾವು ಬಿಟ್ಟದ್ದನ್ನು ಅದು ಎತ್ತಿಕೊಳ್ಳುತ್ತದೆ, ನಾವು ಮೆಚ್ಚಿದ್ದನ್ನು "ಬೇಡ, ಇದು ಮಿಸ್ ಬರೆದದ್ದು" ಎಂದು ಪಕ್ಕಕ್ಕೆ ಸರಿಸುತ್ತದೆ. ಒಂದು ಮಗುವಿಗೆ ಒಂದು ಪೆಟ್ಟಿಗೆ ಎಂದು ಗೊತ್ತು ಮಾಡಿಕೊಂಡು, ಅದು ತುಂಬಿದಾಗ ಇಬ್ಬರೂ ಸೇರಿ ಮತ್ತೆ ಆರಿಸಬಹುದು.