ಕೈ ಪಳಗಿದ್ದರೆ ಗೈಡ್ ಏಕೆ ಅನ್ನುವವರಿಗೆ

"ಅಲ್ಲಿನ ಡಾಕ್ಟ್ರಿಗೆ ಕೈ ಮೇಲೆ ಭರವಸೆ ಇಲ್ಲ, ಅದಕ್ಕೇ ಪ್ಲಾಸ್ಟಿಕ್ ಅಚ್ಚು ಇಟ್ಕೊಂಡು ಕೊರೀತಾರೆ." ಜರ್ಮನಿಯಲ್ಲಿ ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ಕೃತಕ ಹಲ್ಲುಬೇರಿನ ಕೆಲಸ ಮಾಡುವ ನಮ್ಮಂಥವರಿಗೆ ಊರಿನ ದಂತವೈದ್ಯರು ಕೊಡುವ ಕುಟುಕು ಇದು. ನಗುತ್ತಲೇ ಹೇಳುತ್ತಾರೆ, ಆದರೂ ನಾಟುತ್ತದೆ. ಆ ಅಚ್ಚೇ ಗೈಡ್: ಹಲ್ಲಿನ ಮೇಲೆ ಕೂತು, ಡ್ರಿಲ್ ಎಲ್ಲಿ, ಯಾವ ಓರೆಯಲ್ಲಿ ಇಳಿಯಬೇಕೆಂದು ತೋರಿಸುವ ಪಟ್ಟಿ. ರಜೆಗೆ ಊರಿಗೆ ಹೊರಟ ಮ್ಯೂನಿಕ್ ಕನ್ನಡಿಗರದೂ ಅದೇ ರಾಗ: "ಇಲ್ಲಿ ಸ್ಕ್ಯಾನು, ಪ್ಲಾನು, ಖರ್ಚಿನ ಪತ್ರ ಅಂತ ವಾರಗಟ್ಟಲೆ ಎಳೀತಾರೆ. ಬೆಂಗಳೂರಲ್ಲಾದ್ರೆ ಬೆಳಿಗ್ಗೆ ಹೋಗಿ ಸಂಜೆಗೆ ಇಂಪ್ಲಾಂಟ್ ಹಾಕಿಸ್ಕೊಂಡು ಬರಬಹುದು."

ಬರಬಹುದು, ಸುಳ್ಳಲ್ಲ. ಇಂಪ್ಲಾಂಟ್ ಮೂಳೆಗೆ ಕಚ್ಚಿಕೊಳ್ಳುವುದೂ ಹೌದು. ತಕರಾರಿರುವುದು ಎಲ್ಲಿ ಕಚ್ಚಿಕೊಂಡಿತು ಎನ್ನುವುದರಲ್ಲಿ.

ನಮ್ಮ ಕಡೆ ಹೆಚ್ಚಾಗಿ ನಡೆಯುವುದು ಹೀಗೆ: ವಸಡು ಬಿಡಿಸು, ಮೂಳೆ ನೋಡು, ದಪ್ಪಗಿರುವ ಕಡೆ ಕೊರೆ. ಮೇಲೆ ಕೂರುವ ಹಲ್ಲಿನ ಚಿಂತೆ ಮೂರು ತಿಂಗಳ ನಂತರ ಲ್ಯಾಬಿನವರ ಪಾಲಿಗೆ. ಗೈಡ್ ಮಾಡಬೇಕೆಂದರೆ ಆಟ ಉಲ್ಟಾ. ಕಂಪ್ಯೂಟರಿನಲ್ಲಿ ಬಾಯಿಯ ಸ್ಕ್ಯಾನಿನ ಮೇಲೆ ಮೊದಲು ಹಲ್ಲನ್ನು ಕೂರಿಸಬೇಕು, ಆಮೇಲೆ ಅದರ ಕೆಳಗೆ ಇಂಪ್ಲಾಂಟ್. ದವಡೆ ಹಲ್ಲಾದರೆ, ಹಲ್ಲನ್ನು ಇಂಪ್ಲಾಂಟಿಗೆ ಬಿಗಿಯುವ ಸ್ಕ್ರೂವಿನ ತೂತು ಅಗಿಯುವ ಮುಖದ ನಡುಗುಳಿಯಲ್ಲಿ ಬರಬೇಕು, ಮೇಲಿನ ಮುಂಹಲ್ಲಾದರೆ ಒಳಮಗ್ಗುಲಲ್ಲಿ. ಇಂಪ್ಲಾಂಟ್ ತುಟಿಯ ಕಡೆ ವಾಲಿದರೆ ತೂತು ಹಲ್ಲಿನ ಮುಂಭಾಗದಲ್ಲೇ ತೆರೆಯುತ್ತದೆ. ಆಗ ಹೆಚ್ಚಾಗಿ ಸ್ಕ್ರೂ ಬಿಟ್ಟು ಸಿಮೆಂಟಿನಲ್ಲಿ ಅಂಟಿಸಬೇಕಾಗುತ್ತದೆ. ವಸಡಿನ ಅಡಿಗೆ ಜಾರಿದ ಸಿಮೆಂಟ್ ತುಣುಕು ಅಲ್ಲೇ ಉಳಿದು ವರ್ಷಗಳ ಮೇಲೆ ಕೀವು, ಮೂಳೆ ಸವೆತ. ಅಷ್ಟರಲ್ಲಿ ಕೊರೆದ ದಿನವನ್ನು ಯಾರೂ ನೆನೆಯುವುದಿಲ್ಲ, "ಇಂಪ್ಲಾಂಟ್ ಕಂಪನಿ ಸರಿಯಿಲ್ಲ" ಅನ್ನುವುದೇ ಸುಲಭ.

ಈ ಎಳೆದಾಟದ ವಾರಗಳಲ್ಲಿ ಆಗುವುದಾದರೂ ಏನು? ಸಿಬಿಸಿಟಿ, ಅಂದರೆ ದವಡೆಯ ಮೂರು ಆಯಾಮದ ಎಕ್ಸ್-ರೇ ತೆಗೆಯುವಾಗ ಕೆನ್ನೆಗೂ ಹಲ್ಲಿಗೂ ನಡುವೆ ಹತ್ತಿಯ ಸುರುಳಿ ಇಟ್ಟು, ಮೇಲಿನ ಕೆಳಗಿನ ಹಲ್ಲು ತಾಗದಂತೆ ಕಚ್ಚಿಸುತ್ತಾರೆ. ಇಲ್ಲದಿದ್ದರೆ ಹಲ್ಲಿನ ಅಂಚು ಎದ್ದು ಕಾಣದು. ಆ ಚಿತ್ರದ ಮೇಲೆ ಬಾಯಿಯ ಸ್ಕ್ಯಾನನ್ನು ಹೊಂದಿಸುವುದೇ ಇಡೀ ಕೆಲಸದ ಬೆನ್ನೆಲುಬು. ಬಾಯಲ್ಲಿ ಲೋಹದ ಕ್ಯಾಪುಗಳು ಹೆಚ್ಚಿದ್ದರೆ ಚಿತ್ರದ ತುಂಬ ಗೆರೆ ಚೆಲ್ಲಿ ಹೊಂದಾಣಿಕೆ ಅರ್ಧ ಮಿಲಿಮೀಟರ್ ಜಾರಿದರೂ ಪರದೆಯಲ್ಲಿ ಗೊತ್ತಾಗದು. ಗೈಡ್ ಹಲ್ಲಿನ ಮೇಲೆ ಚೆನ್ನಾಗಿಯೇ ಕೂರುತ್ತದೆ, ತೂತು ಮಾತ್ರ ತಪ್ಪು ಜಾಗದಲ್ಲಿರುತ್ತದೆ. ಕೆಳದವಡೆಯ ನರದ ಕಾಲುವೆಯಿಂದ 2 ಮಿ.ಮೀ. ಅಂತರ ಬಿಡುವುದು ಇಂಥ ಜಾರುವಿಕೆಗೆ ಹೆದರಿಯೇ. ಪಕ್ಕದ ಹಲ್ಲಿನಿಂದ 1.5, ಎರಡು ಇಂಪ್ಲಾಂಟ್ ನಡುವೆ 3 ಮಿ.ಮೀ. ಬಿಡುವುದು ಮುಖ್ಯವಾಗಿ ನಡುವಿನ ಮೂಳೆ ಉಳಿಯಲಿ ಎಂದು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2018ರ ಒಂದು ವ್ಯವಸ್ಥಿತ ವಿಮರ್ಶೆಯ ಪ್ರಕಾರ ಗೈಡ್ ಇದ್ದರೂ ಪ್ಲಾನಿಗೂ ಇಂಪ್ಲಾಂಟ್ ಕೂತ ಜಾಗಕ್ಕೂ ಸರಾಸರಿ ವ್ಯತ್ಯಾಸ ಇಂಪ್ಲಾಂಟಿನ ಮೇಲ್ತುದಿಯಲ್ಲಿ 1.2 ಮಿ.ಮೀ., ಬುಡದಲ್ಲಿ 1.4 ಮಿ.ಮೀ., ಓರೆ 3.5 ಡಿಗ್ರಿ. ಇಲ್ಲಿ ಸಿಬಿಸಿಟಿ ಬಳಸುವ ದಂತವೈದ್ಯ ಅದಕ್ಕೆಂದೇ ಬೇರೆ ಅರ್ಹತೆ ಪಡೆದು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅತಿಯಾಯಿತು ಅನ್ನಿಸಬಹುದು. ನಮಗಂತೂ ಅನ್ನಿಸುವುದಿಲ್ಲ.

ಗೈಡ್ ಎಂದರೆ ಸುಮಾರು 3 ಮಿ.ಮೀ. ದಪ್ಪದ ರೆಸಿನ್ ಪಟ್ಟಿ, ಅದರಲ್ಲೊಂದು ಲೋಹದ ಸ್ಲೀವ್, ಅಂದರೆ ಡ್ರಿಲ್ ತೂರುವ ಗಿಡ್ಡ ಕೊಳವೆ. ಹಲ್ಲಿನ ತುದಿಗಳ ಮೇಲೆ ಎರಡು ಮೂರು ಕಿಟಕಿ ಬಿಟ್ಟಿರುತ್ತಾರೆ. ಕಿಟಕಿಯಲ್ಲಿ ಹಲ್ಲಿಗೂ ಪಟ್ಟಿಗೂ ನಡುವೆ ಸಂದು ಕಂಡರೆ ಅಲ್ಲಿಗೆ ನಿಲ್ಲಿಸಬೇಕು, ಒತ್ತಿ ಕೂರಿಸಬಾರದು. ಇಂಪ್ಲಾಂಟ್ ಕಂಪನಿ ಸ್ಟ್ರೌಮನ್‌ನ ಪದ್ಧತಿಯಲ್ಲಿ ಡ್ರಿಲ್ ತೂರಿಸುವ ಹಿಡಿಕೆಯ ಒಂದು ತುದಿ 1 ಮಿ.ಮೀ. ದಪ್ಪ, ಇನ್ನೊಂದು 3. ಪ್ಲಾನಿನ ಹಾಳೆಯಲ್ಲಿ 3 ಎಂದಿರುವಾಗ ಅವಸರದಲ್ಲಿ 1ರ ತುದಿ ಇಟ್ಟರೆ ಡ್ರಿಲ್ 2 ಮಿ.ಮೀ. ಹೆಚ್ಚು ಆಳಕ್ಕೆ ಇಳಿಯುತ್ತದೆ. ನರಕ್ಕೆ ಬಿಟ್ಟ ಅಂತರವೆಲ್ಲ ಒಂದೇ ತಪ್ಪಿನಲ್ಲಿ ಮುಗಿಯಿತು. ಅದಕ್ಕೇ ಸಹಾಯಕಿ ಪ್ರತಿ ಡ್ರಿಲ್ ಕೊಡುವಾಗಲೂ ಹಾಳೆ ನೋಡಿ ಗಟ್ಟಿಯಾಗಿ ಓದುವ ರೂಢಿ ಇಲ್ಲಿನ ಒಳ್ಳೆಯ ಕ್ಲಿನಿಕ್ಕುಗಳಲ್ಲಿದೆ. ಊರಿನಲ್ಲಿ ಹೀಗೆ ಓದಿಸಿಕೊಂಡರೆ ಡಾಕ್ಟರಿಗೆ ಅವಮಾನ ಅನ್ನುವವರು ಈಗಲೂ ಇದ್ದಾರೆ. ನಮ್ಮ ಬಡಗಿಯೂ ಗೆರೆ ಹಾಕದೆ ಉಳಿ ಇಡುವುದಿಲ್ಲ, ಅವನ ಕೈಚಳಕವನ್ನು ಯಾರೂ ಅನುಮಾನಿಸಿಲ್ಲ.

ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದ್ದೂ ಇದೆ. ಗೈಡ್ ಇದ್ದಾಗ ತಣ್ಣೀರು ಮೂಳೆಯವರೆಗೆ ಸರಿಯಾಗಿ ಇಳಿಯುವುದಿಲ್ಲ. ಮೂಳೆ 47 ಡಿಗ್ರಿಯಲ್ಲಿ ಒಂದು ನಿಮಿಷ ಕಾದರೂ ಸಾಯುತ್ತದೆ. ಡ್ರಿಲ್ಲನ್ನು ಪದೇ ಪದೇ ಮೇಲೆತ್ತಿ ನೀರು ಬಿಡದವರ ಕೈಯಲ್ಲಿ ಗೈಡೇ ಅಪಾಯ. ಕೊನೆಯ ದವಡೆ ಹಲ್ಲಿನಲ್ಲಿ ಬಾಯಿ ಸಾಕಷ್ಟು ತೆರೆಯದಿದ್ದರೆ ಗೈಡಿನ ಮೇಲೆ ಉದ್ದನೆಯ ಡ್ರಿಲ್ ಹಿಡಿಸುವುದೇ ಇಲ್ಲ. ಹಿಂದೆ ಆಸರೆಯ ಹಲ್ಲಿಲ್ಲದ ಕಡೆ ಪಟ್ಟಿ ಬಳುಕುತ್ತದೆ. ಅಂಥಲ್ಲಿ ವಸಡು ಬಿಡಿಸಿ, ಕಣ್ಣಾರೆ ನೋಡಿ ಕೈಯಿಂದಲೇ ಕೊರೆಯುವವರು ಬೇಕು. ಮಂಗಳೂರು, ದಾವಣಗೆರೆ, ಮಣಿಪಾಲದ ಕಾಲೇಜುಗಳಲ್ಲಿ ರೋಗಿಗಳ ಸಾಲಿನ ನಡುವೆ ಪಳಗಿದ ಕೈಗಳಿಗೆ ಅದು ಸಲೀಸು, ಇಲ್ಲಿ ಗೈಡಿಗೆ ಒಗ್ಗಿದ ಎಳೆಯರು ತಡವರಿಸುತ್ತಾರೆ. ಅಗಲ ಮೂಳೆಯಲ್ಲಿ ಒಂದೇ ದವಡೆ ಹಲ್ಲು, ನರವೂ ದೂರವಿದ್ದರೆ ಅನುಭವಿಗೆ ಗೈಡ್ ಕಡ್ಡಾಯವೇನಲ್ಲ ಎನ್ನುವುದನ್ನೂ ಒಪ್ಪೋಣ. ಗೈಡ್ ಮುದ್ರಿಸುವ ಲ್ಯಾಬುಗಳು ಬೆಂಗಳೂರಿನಲ್ಲಿಯೂ ಇವೆ, ಖರ್ಚೂ ಇಲ್ಲಿಗಿಂತ ಕಡಿಮೆ.

ಹಾಗಾಗಿ ಊರಲ್ಲೇ ಹಾಕಿಸಿಕೊಳ್ಳುವವರು ಹಾಕಿಸಿಕೊಳ್ಳಲಿ, ಗೈಡ್ ಕೇಳಿ ಹಾಕಿಸಿಕೊಳ್ಳಲಿ. ಬಾಯಿಯ ಸ್ಕ್ಯಾನ್ ಮತ್ತು ಸಿಬಿಸಿಟಿ ಇಲ್ಲೇ ಮಾಡಿಸಿ ಫೈಲುಗಳನ್ನು ಮುಂಚೆಯೇ ಕಳಿಸಿದರೆ ನೀವು ಇಳಿಯುವ ಹೊತ್ತಿಗೆ ಗೈಡ್ ಸಿದ್ಧವಿರುತ್ತದೆ. ಇಂಪ್ಲಾಂಟ್ ಕಚ್ಚಿಕೊಳ್ಳಲು ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕು, ಮೇಲಿನ ದವಡೆಗೆ ಇನ್ನೂ ಹೆಚ್ಚು, ಅಂದರೆ ಕ್ಯಾಪು ಮುಂದಿನ ರಜೆಗೆ. ಸ್ಕ್ಯಾನ್ ಆದ ಮೇಲೆ ಮಾತ್ರ ಆ ಸಾಲಿನ ಯಾವ ಹಲ್ಲಿಗೂ ಹೊಸ ಫಿಲ್ಲಿಂಗ್, ಕ್ಯಾಪ್ ಹಾಕಿಸಬೇಡಿ. ಹಲ್ಲಿನ ಆಕಾರ ಕೂದಲೆಳೆಯಷ್ಟು ಬದಲಾದರೂ ಗೈಡ್ ಕೂರುವುದಿಲ್ಲ.