ಹಳೆ ಬಿಎಸ್ಎಗೆ ಹಾಫ್ ಎಂಜಿನ್ ಕೆಲಸ ಸಾಲದು

ಹಳೆ ಬ್ರಿಟಿಷ್ ಬೈಕಿನ ಎಂಜಿನ್ ಕೆಲಸದಲ್ಲಿ ನಮ್ಮ ಬೆಂಗಳೂರಿನವರದ್ದು ಒಂದು ದಾರಿ, ನಾನೀಗ ಇರುವ ಬರ್ಮಿಂಗ್‌ಹ್ಯಾಮಿನವರದ್ದು ಇನ್ನೊಂದು. ಎರಡನ್ನೂ ಹತ್ತಿರದಿಂದ ನೋಡಿದ್ದೇನೆ. ಬಿಚ್ಚುವುದನ್ನು ಇವರಿಂದ ಕಲಿಯಬೇಕು, ರಿಪೇರಿಯನ್ನು ನಮ್ಮವರಿಂದ ಕಲಿಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲಿ ಬೈಕು ಹೊಗೆ ಬಿಡೋಕೆ ಶುರುವಾದರೆ ಮೆಕ್ಯಾನಿಕ್ ಮೊದಲು ಕೇಳೋದು, "ಹಾಫ್ ಎಂಜಿನ್ ಮಾಡೋಣವಾ ಸರ್, ಫುಲ್ ಎಂಜಿನ್ ಮಾಡೋಣವಾ?" ಹಾಫ್ ಅಂದರೆ ಮೇಲಿನ ಕೆಲಸ. ಹೆಡ್ ಬಿಚ್ಚಿ, ಬೋರ್ ಮಾಡಿಸಿ, ಪಿಸ್ಟನ್ನು ರಿಂಗು ಹಾಕಿ, ವಾಲ್ವ್ ಕೂರಿಸಿ ಮುಚ್ಚುವುದು. ಖರ್ಚು ಕಡಿಮೆ, ಗಾಡಿ ಬೇಗ ಕೈಗೆ ಬರುತ್ತದೆ. ಹಾಗಾಗಿ ಜಾಸ್ತಿ ಜನ ಅದನ್ನೇ ಒಪ್ಪುತ್ತಾರೆ, ಉಳಿದ ದುಡ್ಡು ಕ್ರೋಮಿಗೂ ಪೇಂಟಿಗೂ ಹೋಗುತ್ತದೆ. ಬುಲೆಟ್‌ಗೆ ಎಷ್ಟೋ ಸಲ ಅಷ್ಟೇ ಸಾಕು. ಆದರೆ ಎರಡು ಸಿಲಿಂಡರಿನ ಬಿಎಸ್ಎ ಎ10ಗೆ ಸಾಲುವುದಿಲ್ಲ.

ಯಾಕೆ ಅಂದರೆ, ಈ ಗಾಡಿಯ ರೋಗ ಇರುವುದು ಕೆಳಗೆ. ಇಲ್ಲೇ ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್‌ನಲ್ಲಿದ್ದ ಬಿಎಸ್ಎ ಕಂಪನಿ 1950ರಿಂದ 1963ರವರೆಗೆ ಮಾಡಿದ ಮಾಡೆಲ್ ಇದು, 646 ಸಿಸಿ. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ಶಾಫ್ಟೇ ಕ್ರ್ಯಾಂಕ್, ಅದರ ಬಲ ತುದಿ ಕೂತು ತಿರುಗುವ ಲೋಹದ ಬಳೆಯೇ ಬುಷ್. ಆಯಿಲ್ ಈ ಬಲಗಡೆಯ ಬುಷ್ ಮೂಲಕ ಕ್ರ್ಯಾಂಕಿನ ಒಳಗೆ ಹೋಗಿ, ಅಲ್ಲಿಂದ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಎರಡು ಕನೆಕ್ಟಿಂಗ್ ರಾಡ್‌ಗಳ ಬೇರಿಂಗಿಗೆ ಸೇರುತ್ತದೆ. ಈಗಿನ ಬೈಕುಗಳ ಹಾಗೆ ಪೇಪರ್ ಫಿಲ್ಟರ್ ಇಲ್ಲ, ಬರೀ ತಂತಿ ಜಾಲರಿ. ಜಾಲರಿಗೆ ಸಿಗದ ಸಣ್ಣ ಕೊಳೆಯನ್ನು ಕ್ರ್ಯಾಂಕ್ ತಿರುಗುವಾಗ ತನ್ನೊಳಗಿನ ಪೊಳ್ಳಿಗೆ ಎಸೆದು ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಅದು ಬೇಕೆಂದೇ ಮಾಡಿದ ವ್ಯವಸ್ಥೆ, ಒಳ್ಳೆಯ ವ್ಯವಸ್ಥೆಯೂ ಹೌದು, ಆದರೆ ಯಾರಾದರೂ ಒಮ್ಮೆ ಬಿಚ್ಚಿ ತೊಳೆಯಬೇಕಲ್ವಾ? ತೊಳೆಯದಿದ್ದರೆ ವರ್ಷಗಳ ಕೊಳೆ ಟಾರಿನ ಹಾಗೆ ಗಟ್ಟಿಯಾಗಿ ಆಯಿಲಿನ ದಾರಿ ಕಟ್ಟುತ್ತದೆ. ಇತ್ತ ಬುಷ್ ಸವೆದಿದ್ದರೆ ಆಯಿಲ್ ಒಳಗೆ ಹೋಗುವ ಮೊದಲೇ ಅಲ್ಲಿಂದ ಸೋರಿಹೋಗುತ್ತದೆ. ಎಡಗಡೆ ರಾಡಿನ ಬೇರಿಂಗ್ ಸಾಲಿನಲ್ಲಿ ಕೊನೆಯದು, ಅದಕ್ಕೆ ಆಯಿಲ್ ಸಾಲದೆ ಹಿಡಿದುಕೊಂಡರೆ ರಾಡ್ ಮುರಿದು ಕ್ರ್ಯಾಂಕ್‌ಕೇಸನ್ನೇ, ಅಂದರೆ ಕ್ರ್ಯಾಂಕ್ ಕೂತಿರುವ ಕವಚವನ್ನೇ ಒಡೆದು ಹೊರಗೆ ಬರಬಹುದು. ಮೇಲೆ ಹೊಸ ಪಿಸ್ಟನ್ ಹಾಕಿದ್ದೇವೆ ಅಂತ ಧೈರ್ಯವಾಗಿ ಓಡಿಸುತ್ತೇವೆ, ಅದೇ ಅಪಾಯ.

ಇಲ್ಲಿನವರು ಮನೆ ಹಿಂದಿನ ಶೆಡ್‌ನಲ್ಲಿ ಕೂತು ಪೂರ್ತಿ ಬಿಚ್ಚುತ್ತಾರೆ. ಪಕ್ಕದಲ್ಲಿ ಮ್ಯಾನ್ಯುಯಲ್, ಪಾರ್ಟ್ಸ್ ಪುಸ್ತಕ, ಹಳೆ ಬ್ರಿಟಿಷ್ ಅಳತೆಯ ವಿಟ್‌ವರ್ತ್ ಸ್ಪ್ಯಾನರ್ ಸೆಟ್ಟು. ಆ ಸ್ಪ್ಯಾನರ್ ಇಲ್ಲದೆ ಈ ಗಾಡಿ ಮುಟ್ಟಲೇಬಾರದು. ನಮ್ಮಲ್ಲಿ ಎಂಎಂ ಸ್ಪ್ಯಾನರ್ ಹಾಕಿ ನಟ್ಟಿನ ಮೂಲೆ ಸವೆಸಿ, ಆಮೇಲೆ ಉಳಿ ಸುತ್ತಿಗೆ ತಗೊಳ್ಳೋದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೇರಿಂಗ್ ತೆಗೆಯೋಕೂ ಇವರು ಸುತ್ತಿಗೆ ಮುಟ್ಟುವುದಿಲ್ಲ. ಕೇಸನ್ನು ಓವನ್‌ನಲ್ಲಿ ನೂರು ಡಿಗ್ರಿಯಷ್ಟು ಬಿಸಿ ಮಾಡುತ್ತಾರೆ, ಅಲ್ಯೂಮಿನಿಯಂ ಉಕ್ಕಿಗಿಂತ ಜಾಸ್ತಿ ಹಿಗ್ಗುವುದರಿಂದ ಬೇರಿಂಗ್ ತಾನೇ ಸಡಿಲವಾಗಿ ಬರುತ್ತದೆ. ಪ್ರತಿ ಶಾಫ್ಟನ್ನೂ ಮೈಕ್ರೋಮೀಟರಿನಲ್ಲಿ ಅಳೆದು ಬರೆದಿಡುತ್ತಾರೆ. ಇಲ್ಲಿ ಕೂಲಿ ದುಬಾರಿ, ಅದಕ್ಕೇ ತಾವೇ ಮಾಡಿಕೊಳ್ಳುತ್ತಾರೆ ಅನ್ನೋದೂ ನಿಜ. ಆದರೂ ಆ ತಾಳ್ಮೆ ನನಗೆ ಬಹಳ ಇಷ್ಟ.

ಬಿಚ್ಚಿದ ಮೇಲೆ ಮಾತ್ರ ಇವರ ದಾರಿ ನನಗೆ ಒಪ್ಪಿಗೆಯಿಲ್ಲ. ಸವೆದದ್ದೆಲ್ಲಾ ಪಕ್ಕಕ್ಕೆ, ಹೊಸದಕ್ಕೆ ಆರ್ಡರ್. ಈಗ ಸಿಗುವ ಎಷ್ಟೋ ಪಾರ್ಟು ಬೇರೆಯವರು ಮಾಡಿದ ನಕಲು. ನಾನು ಗೇರ್‌ಬಾಕ್ಸಿಗೆ ತರಿಸಿದ ಹೊಸ ಬುಷ್ ಶಾಫ್ಟಿನ ಮೇಲೆ ಅಲ್ಲಾಡುತ್ತಿತ್ತು, ಹಳೆಯದೇ ಅದಕ್ಕಿಂತ ಬಿಗಿಯಾಗಿತ್ತು. ನಮ್ಮ ಲೇತಿನವರು ಹಾಗೆ ಮಾಡುವುದಿಲ್ಲ. ಸವೆದ ಶಾಫ್ಟನ್ನು ಗ್ರೈಂಡ್ ಮಾಡಿ, ಈಗ ಅದು ಯಾವ ಸೈಜಿಗೆ ಬಂದಿದೆಯೋ ಅದಕ್ಕೇ ಹೊಂದುವ ಬುಷ್ಷನ್ನು ಫಾಸ್ಫರ್ ಬ್ರಾಂಜ್ ರಾಡಿನಿಂದ ತಿರುವಿ ಕೊಡುತ್ತಾರೆ. ಎ10ರ ಬಲಗಡೆ ಬುಷ್ ಕೇಳುವುದೂ ಇದನ್ನೇ. ಅದನ್ನು ಒತ್ತಿ ಕೂರಿಸಿದ ಮೇಲೆ, ಎದುರು ಬದಿಯ ಬೇರಿಂಗಿನ ನೇರಕ್ಕೆ, ನಿಮ್ಮದೇ ಕ್ರ್ಯಾಂಕಿನ ಅಳತೆಗೆ ರೀಮ್ ಮಾಡಬೇಕು, ಅಂದರೆ ಅದರ ತೂತನ್ನು ಒಳಗಿಂದ ಸಣ್ಣಗೆ ಕೆರೆದು ಸರಿಯಾದ ಸೈಜಿಗೆ ತರಬೇಕು. ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಕೆಲಸವಲ್ಲ ಅದು.

ಊರಲ್ಲಿ ಇಂಥ ಗಾಡಿ ಇಟ್ಟುಕೊಂಡವರಿಗೆ ಹೇಳೋದಿಷ್ಟೇ. ಕ್ರೋಮ್ ಆಮೇಲೆ ಮಾಡಿಸಿ. ಮನೆಯಲ್ಲೇ ಪೂರ್ತಿ ಬಿಚ್ಚಿ, ಫೋಟೋ ತೆಗೆದು, ಅಳೆದು ಬರೆದುಕೊಳ್ಳಿ, ಆ ಚೀಟಿ ಹಿಡಿದು ಲೇತಿಗೆ ಹೋಗಿ. ಸುಮ್ನೆ "ಒಂದು ಬುಷ್ ಹಾಕಿ" ಅನ್ನಬೇಡಿ, ಶಾಫ್ಟಿಗೂ ಬುಷ್ಷಿಗೂ ನಡುವೆ ಎಷ್ಟು ಸಂದು ಬೇಕು ಅಂತ ಹೇಳಿ. ಹೇಗೂ ಎಲ್ಲಾ ಕೆಳಗಿಳಿದಿರುತ್ತದೆ, ಗೇರ್‌ಬಾಕ್ಸನ್ನೂ ಅದೇ ಸಲ ನೋಡಿಬಿಡಿ. ಜೋಡಿಸಿದ ಮೇಲೆ ಪ್ಲಗ್ ತೆಗೆದು ಕಿಕ್ ಹೊಡೆಯುತ್ತಾ ಇರಿ, ಆಯಿಲ್ ಟ್ಯಾಂಕಿಗೆ ವಾಪಸ್ ಬರುವುದು ಕಣ್ಣಿಗೆ ಕಾಣುವವರೆಗೆ ಸ್ಟಾರ್ಟ್ ಮಾಡಬೇಡಿ.